ಹೊಗೆಯಿಲ್ಲದ ನಲವತ್ತು ದಿನ

ಸಂಗತಿಗಳು ಇಷ್ಟು.

ಒಂದು: ನಮ್ಮ ಅಮ್ಮನ ಬಲಗಣ್ಣು ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋಗಿತ್ತು. ಎಡಗಣ್ಣಿಗೂ ಪೊರೆ ಬಂದು, ಏಳೆಂಟು ವರ್ಷ ಅವಳು ಮನೆಯನ್ನು ಕೈಯಿಂದ ತಡವಿ, ಮೂಗಿನಿಂದ ಮೂಸಿ ನಡೆಸಿದಳು.

ಎರಡು: ಹೋದ ವರ್ಷ ಆ ಎಡಗಣ್ಣಿನ ಪೊರೆಯನ್ನು ಆಸ್ಪತ್ರೆಯಲ್ಲಿ ತೆಗೆದರು. ನಲವತ್ತು ದಿನ ಹೊಗೆ ಸೋಕಬಾರದು, ಕೆಮ್ಮಬಾರದು, ಬಗ್ಗಬಾರದು, ತಪ್ಪಿದರೆ ಇರುವ ಒಂದು ಕಣ್ಣೂ ಹೋಯಿತೆಂದು ತಿಳಿಯಿರಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಮೂರು: ಅತ್ತಿಗೆ ಚೊಚ್ಚಲ ಹೆರಿಗೆಗೆ ಬೇತಮಂಗಲದ ತವರಿಗೆ ಹೋಗಿದ್ದರು.

ನಾಲ್ಕು: ಅಣ್ಣನಿಗೆ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಯ ನೆಲದೊಳಗಿನ ಕೆಲಸ, ಮೊದಲ ಪಾಳಿ. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತುವ ಮೊದಲು ಅವನ ಹೊಟ್ಟೆಗೆ ಬಿಸಿ ಮುದ್ದೆ ಬೀಳಬೇಕು. ಬೀಳದಿದ್ದರೆ ಅವನು ಆ ದಿನ ಯಾರೊಂದಿಗೂ ಮನುಷ್ಯನಂತೆ ಮಾತನಾಡುವುದಿಲ್ಲ.

ಐದು: ಸೀಮೆಎಣ್ಣೆ ಸ್ಟೌವಿನ ವಾಸನೆಗೆ ಅಮ್ಮನಿಗೆ ವಾಂತಿ ಬರುತ್ತದೆ. ವಾಂತಿಯೂ ಡಾಕ್ಟರ ನಿಷೇಧದ ಪಟ್ಟಿಯಲ್ಲಿತ್ತು. ಆದ್ದರಿಂದ ಸೌದೆ ಒಲೆಯೇ ಗತಿ.

ಆರು: ಮನೆಯಲ್ಲಿ ಉಳಿದವನು ನಾನು. ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಉದ್ಯೋಗವಿಲ್ಲ. ಒಲೆ ಹೊತ್ತಿಸಿದ ಅನುಭವವೂ ಇಲ್ಲ.

ಈ ಆರು ಸಂಗತಿಗಳನ್ನು ಒಂದೇ ಸೂರಿನ ಕೆಳಗೆ ಇಟ್ಟು, ಏನೂ ಆಗದಿರಲಿ ಎಂದು ನಿರೀಕ್ಷಿಸುವುದು ಅವೈಜ್ಞಾನಿಕ. ಒಲೆಯ ಮುಂದೆ ಕುಳಿತವರಿಗೆ ಇಂಥವು ಆಗುತ್ತಲೇ ಇರುತ್ತವೆ. ಕುಳಿತವರು ಹೆಂಗಸರಾದರೆ ಯಾರೂ ಅದನ್ನು ಬರೆದಿಡುವುದಿಲ್ಲ, ಅಷ್ಟೇ ವ್ಯತ್ಯಾಸ. ನಾನು ಪದವೀಧರನಾದ ಕಾರಣ ಬರೆದಿಡುತ್ತಿದ್ದೇನೆ.

ದೊರೆಸಾನಿಗೂ ಮುದ್ದೆ

ಮೊದಲ ದಿನವೇ ಸಮಸ್ಯೆಯನ್ನು ಬಿಡಿಸಿ ನೋಡಿದೆ. ಒಲೆ ಹೊತ್ತಲು ಮೂರು ವಸ್ತು ಬೇಕು: ಕಡ್ಡಿ ಗೀರಿದರೆ ಹತ್ತುವ ಕಾಗದ, ಕಾಗದದಿಂದ ಹತ್ತುವ ಪುಳ್ಳೆ, ಪುಳ್ಳೆಯಿಂದ ಹತ್ತುವ ಸೌದೆ. ಹೊಗೆಯ ಬಹುಪಾಲು ಏಳುವುದು ಮೊದಲ ಐದು ನಿಮಿಷಗಳಲ್ಲಿ. ನಮ್ಮ ಅಡುಗೆಮನೆಗೆ ಇರುವ ಒಂದೇ ಕಿಟಕಿ ಬೀದಿಯ ತಿಣ್ಣೆಯ ಕಡೆಗೆ ತೆರೆಯುತ್ತದೆ. ಅಮ್ಮ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಕೂರುವುದು ಅದೇ ತಿಣ್ಣೆಯ ಮೇಲೆ ಹಾಕಿದ ಕುರ್ಚಿಯಲ್ಲಿ. ಬೇರೆ ಕಡೆ ಕೂರೆಂದರೆ ಬೀದಿಯ ಸುದ್ದಿ ಕೇಳಿಸುವುದಿಲ್ಲವೆಂದು ಅವಳ ಆಕ್ಷೇಪ. ಒಲೆಯಿಂದ ಅವಳ ಕಣ್ಣಿಗೆ ಹೊಗೆ ತಲುಪಲು ಇಪ್ಪತ್ತು ಎಣಿಸುವಷ್ಟು ಹೊತ್ತು ಸಾಕು. ಹಾಗಾಗಿ ಕಾಗದ ಮತ್ತು ಪುಳ್ಳೆಯ ಆಯ್ಕೆಯ ಮೇಲೆಯೇ ಅವಳ ದೃಷ್ಟಿ ನಿಂತಿತ್ತು. ಈ ವಿಶ್ಲೇಷಣೆಯಲ್ಲಿ ನನಗೆ ಇಂದಿಗೂ ದೋಷ ಕಾಣುವುದಿಲ್ಲ. ದೋಷವಿದ್ದದ್ದು ಕಾಗದದಲ್ಲಿ.

ಅಣ್ಣನ ಸ್ನೇಹಿತನೊಬ್ಬ ಗಣಿಯ ಸಾಹೇಬರೊಬ್ಬರ ಬಂಗಲೆಯಲ್ಲಿ ಬಟ್ಲರ್. ಅಲ್ಲಿ ದೊರೆಸಾನಿ ಓದಿ ಎಸೆದ ವಿಲಾಯಿತಿ ಪತ್ರಿಕೆಗಳ ಒಂದು ಕಟ್ಟನ್ನು ಅವನು ನಮಗೆ ದಾನ ಮಾಡಿದ್ದ. ಹಾಳೆಗಳು ದಪ್ಪ, ಬಿಳಿ, ಕನ್ನಡಿಯಷ್ಟು ನುಣುಪು. ಇಷ್ಟು ಉತ್ತಮ ಕಾಗದ ಕೆಟ್ಟದಾಗಿ ಉರಿಯುವುದು ಸಾಧ್ಯವೇ ಎಂದು ನಾಲ್ಕು ಹಾಳೆ ಮಡಚಿ ಒಲೆಗಿಟ್ಟು ಕಡ್ಡಿ ಗೀರಿದೆ. ಅವು ಉರಿಯಲಿಲ್ಲ. ಸುರುಳಿ ಸುತ್ತಿಕೊಂಡವು, ಅಂಚಿನಲ್ಲಿ ಹಸಿರು ಬಣ್ಣ ತೋರಿಸಿದವು, ಔಷಧದ ಅಂಗಡಿಯಂಥ ವಾಸನೆ ಬಿಟ್ಟವು.

ಹದಿನೈದು ಎಣಿಸುವಷ್ಟರಲ್ಲಿ ತಿಣ್ಣೆಯಿಂದ ಪ್ರಶ್ನೆ ಬಂತು.

"ಏನ್ಲಾ ಅದು, ನೈಸ್ ಕಾಗ್ದಾನಾ?"

ಹೌದೆಂದೆ.

"ಅದ್ರ ಮ್ಯಾಲೆ ಜೇಡಿಮಣ್ಣು ಬಳ್ದಿರ್ತಾರೆ ಕಣ್ಲಾ. ಗ್ವಾಡೆಗೆ ಬೆಂಕಿ ಇಕ್ಕಿದ್ರೆ ಹತ್ತುತ್ತಾ?"

ನುಣುಪು ಕಾಗದಕ್ಕೆ ಬಿಳಿಯ ಜೇಡಿಮಣ್ಣಿನ ಲೇಪವಿರುವುದು ನಿಜ. ಕಾಲೇಜಿನಲ್ಲಿ ಅದನ್ನು ನಾನು ಟಿಪ್ಪಣಿ ಬರೆದುಕೊಂಡಿದ್ದೆ. ಅಮ್ಮನಿಗೆ ಹೇಗೆ ಗೊತ್ತೆಂದು ಕೇಳಿದರೆ, ಮೊರಕ್ಕೆ ಮೆತ್ತಲು ಕಾಗದವನ್ನು ಮೆಂತ್ಯದ ಜೊತೆ ನೆನೆಹಾಕಿದಾಗ ನೈಸ್ ಕಾಗದ ಇದ್ದರೆ ತಳದಲ್ಲಿ ಮಣ್ಣು ನಿಲ್ಲುತ್ತದಂತೆ. ಆ ಜ್ಞಾನಕ್ಕಾಗಿ ನಾನು ನಾಲ್ಕು ವರ್ಷ ಕೊಟ್ಟಿದ್ದೆ. ಅವಳು ಒಂದು ಹಳೆಯ ಮೊರ ಕೊಟ್ಟಿದ್ದಳು.

ಕಿಟಕಿ ಮುಚ್ಚಿ, ಹಿತ್ತಲ ಬಾಗಿಲು ತೆರೆದು, ಹೊಗೆಯನ್ನು ಮೊರದಿಂದಲೇ ಹಿಂದಕ್ಕೆ ಬೀಸಿದೆ. ಅಮ್ಮನ ಕಣ್ಣು ಉಳಿಯಿತು. ಆದರೆ ಬೀಸಿದ ಗಾಳಿಗೆ ಅರ್ಧ ಸುಟ್ಟ ಹಾಳೆಯೊಂದು ಮೇಲೆದ್ದು, ಅಡುಗೆಮನೆಯ ಗೋಡೆಗೆ ಒರಗಿ ನಿದ್ದೆಗಣ್ಣಲ್ಲೇ ಊಟಕ್ಕೆ ಕುಳಿತಿದ್ದ ಅಣ್ಣನ ತಟ್ಟೆಯ ಅಂಚಿಗೆ ಇಳಿಯಿತು. ಅದರಲ್ಲಿ ಟೋಪಿ ಧರಿಸಿದ ಒಬ್ಬ ದೊರೆಸಾನಿ ಹಲ್ಲು ಕಾಣುವಂತೆ ನಗುತ್ತಿದ್ದಳು. ಅಣ್ಣ ಅವಳನ್ನು ಸ್ವಲ್ಪ ಹೊತ್ತು ನೋಡಿ, ತಲೆ ಎತ್ತದೆ ಹೇಳಿದ:

"ಇವಳ್ಗೂ ಒಂದು ಮುದ್ದೆ ಇಕ್ಲಾ."

ಸರಸ್ವತಿಯ ತೀರ್ಪು

ಮರುದಿನ ಪಕ್ಕದ ಮನೆಯ ಅಕ್ಕ ಒಂದು ಹಳೆಯ ಕನ್ನಡ ದಿನಪತ್ರಿಕೆ ತಂದುಕೊಟ್ಟಳು. ಈ ಅಕ್ಕನ ಪರಿಚಯ ಹೇಳಿಬಿಡುತ್ತೇನೆ. ಅವಳ ಮನೆಮಾತು ತಮಿಳು. ನಮ್ಮೊಡನೆ ಕನ್ನಡ, ಸೊಪ್ಪಿನವಳೊಡನೆ ತೆಲುಗು. ನಮ್ಮ ಮನೆಯ ವಿಷಯದಲ್ಲಿ ಮೂರೂ ಭಾಷೆಗಳಲ್ಲಿ ಅಭಿಪ್ರಾಯ.

ದಿನಪತ್ರಿಕೆಯ ಕಾಗದ ತೆಳು, ಒರಟು, ಲೇಪವಿಲ್ಲದ್ದು. ಇದೇ ಸರಿಯಾದ ಕಾಗದವೆಂದು ನಾನು ಒಂದು ಹಾಳೆಯನ್ನು ಹರಿಯುವ ಸದ್ದು ತಿಣ್ಣೆಗೆ ಕೇಳಿಸಿತು. ಏನು ಹರಿದೆ ಎಂದು ಅಮ್ಮ ವಿಚಾರಿಸಿದಳು. ಹೇಳಿದೆ. ಅವಳು ತಡವರಿಸುತ್ತ ಒಳಗೆ ಬಂದು, ಉಳಿದ ಪತ್ರಿಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಕಣ್ಣಿನ ಪಟ್ಟಿಗೆ ಒತ್ತಿಕೊಂಡಳು.

ಅಮ್ಮನಿಗೆ ಓದು ಬಾರದು. ಆದ್ದರಿಂದಲೇ ಅಕ್ಷರವೆಂದರೆ ಅವಳಿಗೆ ದೇವರು. ಅಕ್ಷರವಿರುವ ಕಾಗದ ತುಳಿಯಬಾರದು, ಒಲೆಗಂತೂ ಇಡಲೇಬಾರದು. ಸರಸ್ವತಿಯನ್ನು ಸುಟ್ಟ ಬೆಂಕಿಯಲ್ಲಿ ಬೆಂದ ಮುದ್ದೆ ತಿಂದರೆ ಬಂದ ಕಣ್ಣೂ ನಿಲ್ಲುವುದಿಲ್ಲ ಎಂದಳು. ಕಾಗದದ ರಾಸಾಯನಿಕ ರಚನೆಯನ್ನು ನಾನು ವಿವರಿಸಿದೆ. ಅಕ್ಷರವಿಲ್ಲದ ಕಾಗದ ಮನೆಯಲ್ಲಿ ಇಲ್ಲವೆಂದೂ, ಕಾಗದವಿಲ್ಲದೆ ಹೊತ್ತಿಸಿದರೆ ಹೊಗೆ ಮೂರು ಪಟ್ಟು ಬರುವುದೆಂದೂ, ಆ ಹೊಗೆಗೆ ಕಣ್ಣು ಹೋದರೆ ಸರಸ್ವತಿ ಜವಾಬ್ದಾರಿ ಹೊರುವುದಿಲ್ಲವೆಂದೂ ಹೇಳಿದೆ. ಅಮ್ಮ ಯೋಚಿಸಿದಳು. ಕನ್ನಡ ಬೇಡ. ತೆಲುಗು, ತಮಿಳು? ಪಕ್ಕದ ಮನೆಯ ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಅವೂ ಬೇಡವೆಂದಾಯಿತು. ಕೊನೆಗೆ ಅಮ್ಮ ಇಂಗ್ಲಿಷ್ ಪತ್ರಿಕೆಗೆ ಅನುಮತಿ ಕೊಟ್ಟಳು.

ನಾನು ಪದವಿ ಪಡೆದ ಭಾಷೆ ಅದು. ನನ್ನ ಸ್ವಾಭಿಮಾನ ಕೆರಳಿತು. ಇಂಗ್ಲಿಷಿನಲ್ಲೂ ವಿದ್ಯೆ ಇದೆ, ಅಲ್ಲೂ ಸರಸ್ವತಿ ಇದ್ದಾಳೆ ಎಂದು ವಾದಿಸಿದೆ.

"ಅದ್ರಾಗೆ ಸರಸ್ವತಿ ಇದ್ದಿದ್ರೆ," ಎಂದಳು ಅಮ್ಮ, "ಇಷ್ಟೊತ್ಗೆ ನಿಂಗೆ ಕೆಲ್ಸ ಸಿಕ್ಕಿರಾದು."

ಅಂದಿನಿಂದ ಇಂಗ್ಲಿಷ್ ದಿನಪತ್ರಿಕೆ. ಒಂದು ಹಾಳೆಯನ್ನು ಬಿಗಿಯಾಗಿ ಹಿಸುಕದೆ, ಒಳಗೆ ಗಾಳಿ ಆಡುವಂತೆ ಸಡಿಲವಾಗಿ ಮುದುಡಿ ಇಟ್ಟರೆ ಒಂದೇ ಕಡ್ಡಿಗೆ ಹತ್ತುತ್ತದೆ, ಹೊಗೆ ಕಾಣುವುದೇ ಇಲ್ಲ. ಇದು ವೈಜ್ಞಾನಿಕವಾಗಿ ಸರಿ. ಧಾರ್ಮಿಕವಾಗಿಯೂ ಸರಿ ಎಂದಾಯಿತು.

ಒಂದು ಹೊರೆ

ಕಾಗದ ಸರಿಹೋಯಿತು, ಪುಳ್ಳೆ ಉಳಿಯಿತು. ಮನೆಯಲ್ಲಿದ್ದ ಪುಳ್ಳೆ ಮುಗಿದಾಗ, ಕೊಳ್ಳುವುದೇಕೆ, ಊರ ಹೊರಗೆ ಬೇಲಿಗಳೇ ಇವೆಯಲ್ಲ ಎಂದು ಹೊರಟೆ. ಹೊಲದ ಬೇಲಿಯೊಂದರಲ್ಲಿ ಬೆರಳು ದಪ್ಪದ, ಎಲೆಯಿಲ್ಲದ, ಪೂರ್ತಿ ಒಣಗಿದ ಕಡ್ಡಿಗಳು ರಾಶಿಯಾಗಿ ಬಿದ್ದಿದ್ದವು. ಇಷ್ಟು ಒಳ್ಳೆಯ ಪುಳ್ಳೆಯನ್ನು ಇಷ್ಟು ದಿನ ಯಾರೂ ಆರಿಸಿಕೊಂಡಿಲ್ಲವೆಂದರೆ ಈ ಊರಿನ ಜನಕ್ಕೆ ಗಮನಿಸುವ ಶಕ್ತಿಯೇ ಇಲ್ಲವೆಂದು ತೀರ್ಮಾನಿಸಿದೆ. ಗಮನಿಸುವ ಶಕ್ತಿಯ ಬಗ್ಗೆ ಕಾಲೇಜಿನಲ್ಲಿ ಒಂದು ಪ್ರಬಂಧ ಬರೆದು ಬಹುಮಾನ ಪಡೆದವನು ನಾನು. ಟವೆಲಿನಲ್ಲಿ ಹೊರೆ ಕಟ್ಟಿ, ತಲೆಯ ಮೇಲಿಟ್ಟುಕೊಂಡು ಪೇಟೆಯ ಕಡೆ ನಡೆದೆ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಲೆಯ ಮೇಲೆ ಹೊರೆ ಹೊತ್ತವನನ್ನು ಬಂಗಾರಪೇಟೆ ಅಷ್ಟಾಗಿ ನೋಡಿಲ್ಲ. ಇಬ್ಬರು ಹಳೆಯ ಸಹಪಾಠಿಗಳು ಎದುರಿಗೆ ಬಂದು ರಸ್ತೆಯ ಆಚೆ ಬದಿಗೆ ದಾಟಿದರು. ರೈಲ್ವೆ ಗೇಟಿನ ಬಳಿ ಸೌದೆ ಮಾರಲು ಕುಳಿತಿದ್ದ ಹಳ್ಳಿಯ ಹೆಂಗಸೊಬ್ಬಳು ಮಾತ್ರ ನನ್ನನ್ನು ಕೂಗಿ ನಿಲ್ಲಿಸಿದಳು. ಹೊರೆಯನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಓದಿದ್ದೀಯಾ, ಸಾಮಿ?"

ನನಗೆ ನಿಜವಾಗಿ ಸಂತೋಷವಾಯಿತು. ಪದವಿ ಪಡೆದು ಒಂದು ವರ್ಷವಾದರೂ ಯಾವ ಕಚೇರಿಯಲ್ಲೂ ಯಾರೂ ಇದನ್ನು ಇಷ್ಟು ಆಸಕ್ತಿಯಿಂದ ಕೇಳಿರಲಿಲ್ಲ. ಹೌದು, ಹೇಗೆ ತಿಳಿಯಿತು ಎಂದೆ.

"ಓದದೋರು ಕಳ್ಳಿ ಮುಟ್ಟಾಕಿಲ್ಲ."

ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಕುರುಡು. ಅದರ ಹೊಗೆಯೂ ಕಣ್ಣನ್ನು ಸುಡುತ್ತದೆ. ಹಸಿದ ಮೇಕೆ ಕೂಡ ಅದರ ಹತ್ತಿರ ಹೋಗುವುದಿಲ್ಲ ಎಂದು ಅವಳು ವಿವರಿಸಿದಳು. ಮನೆಯಲ್ಲಿ ಕಣ್ಣು ಕುಯ್ಯಿಸಿಕೊಂಡ ತಾಯಿ ಇದ್ದಾಳೆ ಎಂದಾಗ ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಾನು ಹೊರೆಯನ್ನು ಇಳಿಸಿದೆ. ಕೈ ತೊಳೆಯಲು ತನ್ನ ಕುಡಿಯುವ ನೀರನ್ನೇ ಕೊಟ್ಟು, ತೊಗರಿಕಡ್ಡಿ ಒಂದು ಕಟ್ಟು, ಒಣಗಿದ ಹಿಪ್ಪುನೇರಳೆ ಕಡ್ಡಿ ಒಂದು ಕಟ್ಟು ಎತ್ತಿ ನನ್ನ ತಲೆಯ ಮೇಲಿಟ್ಟಳು. ಇವು ವಿಷದ ಹಾಲಿಲ್ಲದ, ಅಂಟಿಲ್ಲದ, ಬಣ್ಣ ಬಳಿಯದ ಕಡ್ಡಿ. ಮುರಿದರೆ ಚಟ್ಟೆಂದು ಸದ್ದು ಬರಬೇಕು, ಬಾಗಿದರೆ ಇನ್ನೂ ಹಸಿ ಎಂದು ಪಾಠ ಹೇಳಿದಳು. ಅದು ನಾನು ಕೇಳಿದ ಅತ್ಯಂತ ಸ್ಪಷ್ಟವಾದ ಉಪನ್ಯಾಸ. ಹಾಜರಿ ಮಾತ್ರ ತೆಗೆದುಕೊಳ್ಳಲಿಲ್ಲ.

ಬೀದಿಗೆಲ್ಲ ಘಾಟು

ಹದಿನಾರನೆಯ ದಿನವನ್ನು ಈ ದಾಖಲೆಯಿಂದ ಬಿಟ್ಟುಬಿಡಲು ನನಗೆ ಇಷ್ಟವಿತ್ತು. ಆದರೆ ಬೀದಿಯವರು ಅದನ್ನು ಹಬ್ಬದಂತೆ ನೆನೆಯುತ್ತಾರೆ.

ಇಂಗ್ಲಿಷ್ ದಿನಪತ್ರಿಕೆ ಮುಗಿದಿತ್ತು. ಶೆಟ್ಟರ ಅಂಗಡಿಯಿಂದ ಬರುವ ಪೊಟ್ಟಣಗಳ ಕಾಗದವನ್ನು ಅತ್ತಿಗೆ ಬಿಡಿಸಿ, ನೀಟಾಗಿ ಮಡಚಿ, ಗೂಡಿನಲ್ಲಿ ಕೂಡಿಟ್ಟಿದ್ದರು. ಒಂದೊಂದನ್ನೇ ತೆಗೆದು ಪರಿಶೀಲಿಸಿದೆ. ಕನ್ನಡದ್ದನ್ನು ಬೇರ್ಪಡಿಸಿದೆ. ಎಣ್ಣೆ ಕುಡಿದದ್ದನ್ನು ಬೇರ್ಪಡಿಸಿದೆ. ಯಾವುದೋ ಕಚೇರಿಯ ಹಳೆಯ ಇಂಗ್ಲಿಷ್ ಅರ್ಜಿ ನಮೂನೆಗಳಲ್ಲಿ ಕಟ್ಟಿದ್ದ ಮೂರು ಪೊಟ್ಟಣಗಳು ಉಳಿದವು. ಅರ್ಜಿ ನಮೂನೆಯನ್ನು ಸುಡುವುದರಲ್ಲಿ ನನಗೆ ವೈಯಕ್ತಿಕ ಸಮಾಧಾನವೂ ಇತ್ತು. ಕಾಗದದ ಭಾಷೆ, ಲೇಪ, ಜಿಡ್ಡು ಎಲ್ಲವನ್ನೂ ಪರೀಕ್ಷಿಸಿದೆ. ಅದರಲ್ಲಿ ಏನನ್ನು ಕಟ್ಟಿದ್ದರು ಎಂಬುದನ್ನು ಮಾತ್ರ ಪರೀಕ್ಷಿಸಲಿಲ್ಲ.

ಕಟ್ಟಿದ್ದದ್ದು ಗುಂಟೂರು ಮೆಣಸಿನಕಾಯಿಯ ಖಾರದಪುಡಿ. ಮಡಿಕೆಗಳಲ್ಲಿ ಇನ್ನೂ ಸಾಕಷ್ಟು ಉಳಿದಿತ್ತು.

ಬೆಂಕಿ ಹತ್ತಿದ ಮೇಲೆ ನಾನು ಎಣಿಸಲು ಹೋಗಲಿಲ್ಲ. ಮೊದಲು ನಾನು ಕೆಮ್ಮಿದೆ. ಆಮೇಲೆ ಪಕ್ಕದ ಮನೆ, ಅದರ ಪಕ್ಕದ ಮನೆ, ಬೀದಿಯಲ್ಲಿ ಹೋಗುತ್ತಿದ್ದ ಎತ್ತಿನಗಾಡಿಯವನು, ಕೊನೆಗೆ ಎತ್ತು. ಹೊರಗೆ ಓಡಿ ನೋಡಿದರೆ ಅಮ್ಮ ತಿಣ್ಣೆಯ ಮೇಲೆ ಕಲ್ಲಿನಂತೆ ಕುಳಿತಿದ್ದಳು. ಎರಡೂ ಕೈಗಳಿಂದ ಮೂಗು ಬಾಯಿ ಮುಚ್ಚಿಕೊಂಡು, ಮೈಯೆಲ್ಲ ನಡುಗುತ್ತಿದ್ದರೂ ಕೆಮ್ಮನ್ನು ತಡೆಹಿಡಿದಿದ್ದಳು. ಒಂದು ಕೆಮ್ಮು, ಒಂದು ಕಣ್ಣು. ಅವಳಿಗೆ ಅದು ಗೊತ್ತಿತ್ತು. ನಾನೂ ಪಕ್ಕದ ಮನೆಯ ಅಕ್ಕನೂ ಅವಳನ್ನು ಎತ್ತಿಕೊಂಡು ಗಾಳಿಗೆದುರಾಗಿ ಓಡಿ, ರಸ್ತೆಯಾಚೆಯ ಹುಣಸೆಮರದ ಕೆಳಗೆ ಕೂರಿಸಿದೆವು. ಆಮೇಲೆ ಅವಳು ನಿಧಾನವಾಗಿ ಉಸಿರು ಬಿಟ್ಟಳು. ಕೆಮ್ಮಲಿಲ್ಲ. ಅದೇ ದಿನ ಆಸ್ಪತ್ರೆಯ ಕಂಪೌಂಡರ್ ಬಂದು ಪಟ್ಟಿ ಬಿಚ್ಚಿ ನೋಡಿ, ಏನೂ ಆಗಿಲ್ಲವೆಂದ.

ಆದರೆ ಅವನು ಬರುವ ಮೊದಲೇ ಹುಣಸೆಮರದ ಕೆಳಗೆ ಬೀದಿಯೇ ನೆರೆದಿತ್ತು. ಬೆಳ್ಳಂಬೆಳಗ್ಗೆ ಮೆಣಸಿನಕಾಯಿ ಸುಟ್ಟಿದ್ದಾರೆಂದರೆ ದೃಷ್ಟಿ ತೆಗೆದಿದ್ದಾರೆಂದೇ ಎಲ್ಲರ ಲೆಕ್ಕ. ದೃಷ್ಟಿ ತಾಗಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ; ಘಾಟು ಬಂದರೆ ದೃಷ್ಟಿ ಇಲ್ಲವೆಂದು ಅರ್ಥ. ಪಕ್ಕದ ಮನೆಯ ಅಕ್ಕ ಕಣ್ಣು ಮೂಗು ಒರೆಸಿಕೊಳ್ಳುತ್ತ, ತುಂಬು ಸಂತೋಷದಿಂದ ಫಲಿತಾಂಶ ಪ್ರಕಟಿಸಿದಳು.

"ಇಷ್ಟು ಘಾಟು ನಾನ್ ಹುಟ್ಟಿದಾಗಿಂದ ಕಂಡಿಲ್ಲ ಅಕ್ಕಾ. ತಂಬಿ ಮೇಲೆ ಯಾರ್ ಕಣ್ಣೂ ಬಿದ್ದಿಲ್ಲ, ಬಿಡಿ."

ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕೆಲ್ಸ ಇಲ್ದೆ ಮನೇಲಿ ಕುಂತಿರೋನ್ಗೆ," ಎಂದಳು, "ಯಾರಮ್ಮ ಕಣ್ಣು ಹಾಕ್ತಾರೆ?"

ಮನೆಯಲ್ಲಿ ಬ್ಲಾಸ್ಟಿಂಗ್

ಮುಂದಿನ ವಾರ ಜಡಿಮಳೆ. ತೊಗರಿಕಡ್ಡಿ ನೆನೆದು ಬಾಗತೊಡಗಿತು. ಸಂತೆಯಲ್ಲಿ ಒಬ್ಬ ಹಳೆಯ ಪೆಟ್ಟಿಗೆಗಳನ್ನು ಒಡೆದು ಹಲಗೆ ಮಾರುತ್ತಿದ್ದ. ತೆಳ್ಳನೆಯ, ತಿಳಿ ಹಳದಿಯ, ಹಗುರವಾದ ಮರ. ಒಳಗೆ ಹಾಸಿದ್ದ ಮೇಣದ ಕಾಗದವನ್ನೂ ಅವನು ಉಚಿತವಾಗಿ ಸೇರಿಸಿದ. ಒಣ ಮರ, ಜೊತೆಗೆ ಮೇಣ. ಮಳೆಗಾಲಕ್ಕೆ ಇದಕ್ಕಿಂತ ಆದರ್ಶ ಇಂಧನವನ್ನು ಪಠ್ಯಪುಸ್ತಕವೂ ಸೂಚಿಸಲಾರದು. ಹಲಗೆಯ ಮೇಲೆ ಸುಟ್ಟು ಒತ್ತಿದ ಮುದ್ರೆಯೊಂದಿತ್ತು. ಪರದೇಶದ ಚಹಾ ಇರಬಹುದೆಂದು ಭಾವಿಸಿದೆ.

ಬೆಳಿಗ್ಗೆ ಮೇಣದ ಕಾಗದವಿಟ್ಟು, ಹಲಗೆಯ ಚೂರುಗಳನ್ನು ಜೋಡಿಸಿ ಹೊತ್ತಿಸಿದೆ. ಎಂದೂ ಕಾಣದಷ್ಟು ಚುರುಕಾಗಿ ಹತ್ತಿತು. ಎಸರಿಟ್ಟೆ. ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದ ಅಣ್ಣ ತಲೆಗೆ ಸೋಪು ಹಚ್ಚಿಕೊಂಡೇ, ಇವತ್ತು ಎಂಥ ಬೆಂಕಿ ಎಂದು ಮೆಚ್ಚಿ ಇಣುಕಿದ. ಅವನ ಕಣ್ಣು ಒಲೆಯ ಬಾಯಿಂದ ಹೊರಚಾಚಿದ್ದ ಹಲಗೆಯ ಮುದ್ರೆಯ ಮೇಲೆ ಬಿತ್ತು. ಆ ಮುದ್ರೆಯನ್ನು ಅವನು ದಿನವೂ ನೆಲದೊಳಗೆ ನೋಡುತ್ತಾನೆ. ಅದು ಬಂಡೆ ಸಿಡಿಸುವ ಮದ್ದಿನ ಪೆಟ್ಟಿಗೆ.

ಅಣ್ಣ ಬಚ್ಚಲಿನಿಂದ ಹೊರಬಿದ್ದ. ಒದ್ದೆ ಟವೆಲಿನಲ್ಲೇ ತಿಣ್ಣೆಗೆ ಹೋಗಿ, ಅಮ್ಮನನ್ನು ಕುರ್ಚಿ ಸಮೇತ ಎತ್ತಿ ಹೆಗಲಿಗಿಟ್ಟುಕೊಂಡು, ಗಣಿಯಲ್ಲಿ ಬತ್ತಿಗೆ ಬೆಂಕಿ ಇಟ್ಟ ಮೇಲೆ ಕೂಗುವ ಕೂಗನ್ನು ಬೀದಿಯುದ್ದಕ್ಕೂ ಕೂಗುತ್ತ ನಡೆದ. ಓಡಲಿಲ್ಲ, ಗಣಿಯಲ್ಲಿ ಬತ್ತಿ ಇಟ್ಟವನು ಎಡವಿ ಬೀಳಬಾರದೆಂದು ಓಡುವುದಿಲ್ಲವಂತೆ. ನಮ್ಮ ಬೀದಿಯಲ್ಲಿ ಅರ್ಧ ಜನ ಗಣಿಯವರು. ಆ ಕೂಗಿನ ಅರ್ಥ ಕೇಳುವ ಅಗತ್ಯ ಅವರಿಗಿರಲಿಲ್ಲ. ಎರಡು ನಿಮಿಷದಲ್ಲಿ ಮಕ್ಕಳು, ಮೇಕೆಗಳು, ಒಂದು ಹೊಲಿಗೆ ಯಂತ್ರ, ಎಲ್ಲವೂ ರಸ್ತೆಯ ತಿರುವಿನಾಚೆ ಇದ್ದವು.

ಪೆಟ್ಟಿಗೆ ಖಾಲಿ ಎಂದು ನಾನು ಹಿಂದಿನಿಂದ ಹೇಳಿಕೊಂಡೇ ಬಂದೆ. ಮದ್ದು ಖಾಲಿಯಾದರೂ ಅದರ ಬೆವರು ಮರದೊಳಗೆ ಕೂತಿರುತ್ತದೆ ಎಂದ ಅಣ್ಣ. ಇದನ್ನು ನಾನು ಆಮೇಲೆ ಪುಸ್ತಕದಲ್ಲಿ ಹುಡುಕಿ ನೋಡಿದೆ. ಅವನು ಹೇಳಿದ್ದು ಅಕ್ಷರಶಃ ಸರಿ. ಅಂಥ ಪೆಟ್ಟಿಗೆಯನ್ನಾಗಲಿ ಅದರ ಕಾಗದವನ್ನಾಗಲಿ ಮನೆಯ ಒಲೆಗೆ ತರಲೇಬಾರದು.

ಗಣಿಯ ನಿಯಮದಂತೆ ಅರ್ಧ ಗಂಟೆ ಯಾರೂ ಒಳಗೆ ಹೋಗಕೂಡದು. ತಲೆಯ ಮೇಲಿನ ಸೋಪು ಒಣಗುತ್ತಿದ್ದಂತೆ ಅಣ್ಣ ದೂರದಲ್ಲಿ ತನ್ನ ರೈಲು ಕೂಗುವುದನ್ನು ಕೇಳಿಸಿಕೊಂಡ. ಅರ್ಧ ಗಂಟೆಯ ನಂತರ ಅವನೊಬ್ಬನೇ ಒಳಹೊಕ್ಕು ಬಂದು, ಏನೂ ಆಗಿಲ್ಲ, ಒಲೆ ಉರಿದು ತಣ್ಣಗಾಗಿದೆ ಎಂದು ತಿಳಿಸಿದ. ಇನ್ನೂ ಏನಾದರೂ ವರದಿ ಇದೆಯೇ ಎಂದು ಪಕ್ಕದ ಮನೆಯ ಅಕ್ಕ ಕೇಳಿದಾಗ, ಎಸರು ಚೆನ್ನಾಗಿ ಕಾದಿತ್ತು ಎಂದ.

ಮುಂದಿನ ರೈಲಿನಲ್ಲಿ ಅವನು ಚಾಂಪಿಯನ್ ರೀಫ್ಸ್ ತಲುಪಿದಾಗ, ಏಕೆ ತಡವೆಂದು ಮೇಸ್ತ್ರಿ ಕೇಳಿದನಂತೆ. ಮನೆಯಲ್ಲಿ ಬ್ಲಾಸ್ಟಿಂಗ್ ಇತ್ತು ಎಂದನಂತೆ ಅಣ್ಣ. ಮೇಸ್ತ್ರಿ ಮುಖದ ಒಂದು ನೆರಿಗೆಯೂ ಅಲುಗದಂತೆ ವಿಚಾರಿಸಿದ:

"ಚಿನ್ನ ಸಿಕ್ತಾ?"

ನಲವತ್ತನೆಯ ದಿನ

ಆಮೇಲಿನ ದಿನಗಳು ನಿರ್ವಿಘ್ನವಾಗಿ ಕಳೆದವು. ಮಳೆ ನಿಂತು ಕಡ್ಡಿ ಒಣಗಿತು. ನಾನು ಒಂದೇ ಕಡ್ಡಿಗೆ, ಹೊಗೆಯ ಎಳೆಯೂ ಏಳದಂತೆ ಒಲೆ ಹೊತ್ತಿಸತೊಡಗಿದೆ. ಬೀದಿಯ ಹೆಂಗಸರು ಬಂದು ನೋಡಿಹೋದರು.

ನಲವತ್ತನೆಯ ದಿನ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಹಾಕಿ, ಬೆರಳುಗಳನ್ನು ಎತ್ತಿ ತೋರಿಸಿದರು. ಮೂರು ಎಂದಳು. ಒಂದು ಎಂದಳು. ಕಿಟಕಿಯಾಚೆ ಬೇವಿನ ಮರದಲ್ಲಿ ಕಾಗೆ ಇದೆ ಎಂದಳು. ಡಾಕ್ಟರೇ ತಿರುಗಿ ನೋಡಬೇಕಾಯಿತು. ಕಣ್ಣು ಮರಳಿ ಬಂದಿತ್ತು. ಅಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡು ಮೂಗು ಒರೆಸಿಕೊಂಡ. ಹೊಗೆ ಸೋಕಿಸದೆ ನೋಡಿಕೊಂಡವರು ಯಾರು ಎಂದು ಡಾಕ್ಟರು ಕೇಳಿದಾಗ ಅಮ್ಮ ನನ್ನ ಕಡೆ ತಿರುಗಿದಳು. ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಮುಖವನ್ನು ಸ್ಪಷ್ಟವಾಗಿ, ಬಹಳ ಹೊತ್ತು ನೋಡಿದಳು. ನಾನು ಏನೋ ಒಂದು ಒಳ್ಳೆಯ ಮಾತಿಗೆ ಸಿದ್ಧನಾದೆ.

"ಇದೇನ್ಲಾ ಮೀಸ? ತೆಗ್ಸು."

ಮನೆಗೆ ಬಂದೆವು. ಬೀದಿಯವರೆಲ್ಲ ತಿಣ್ಣೆಯ ಬಳಿ ಕಾದಿದ್ದರು. ಅಮ್ಮ ಒಬ್ಬೊಬ್ಬರನ್ನೂ ನೋಡಿ, ನೀನು ದಪ್ಪಗಾಗಿದ್ದೀಯ, ನಿನ್ನ ಕೂದಲು ಹಣ್ಣಾಗಿದೆ ಎಂದು ಯಾರಿಗೂ ಬೇಡವಾದ ಸತ್ಯಗಳನ್ನು ಹಂಚಿ, ನೇರವಾಗಿ ಅಡುಗೆಮನೆಗೆ ನಡೆದಳು. ನಾನು ಹಿಂದೆಯೇ ಹೋದೆ. ನಲವತ್ತು ದಿನ ನಾನು ಕಾಪಾಡಿದ ಒಲೆ ಅಲ್ಲಿತ್ತು. ಅವಳು ಅದನ್ನು ನೋಡಿ ಏನನ್ನುವಳೆಂಬ ಕುತೂಹಲ ನನಗಿದ್ದದ್ದನ್ನು ಒಪ್ಪಿಕೊಳ್ಳುತ್ತೇನೆ.

ಅವಳು ಒಲೆಯನ್ನು ನೋಡಲಿಲ್ಲ. ಗೋಡೆಯನ್ನು ನೋಡಿದಳು. ಆಮೇಲೆ ಸೂರನ್ನು ನೋಡಿದಳು. ಮೆಲ್ಲಗೆ ಮುಂದೆ ಹೋಗಿ ಗೋಡೆಯ ಮೇಲೆ ಬೆರಳೆಳೆದು, ಬೆರಳ ತುದಿಯನ್ನು ಕನ್ನಡಕದ ಹತ್ತಿರ ಹಿಡಿದಳು.

"ಏನ್ಲಾ ಇದು? ನಲವತ್ತು ದಿನ, ನಲವತ್ತೇ ದಿನ ನಿನ್ ಕೈಗೆ ಒಲೆ ಕೊಟ್ಟೆ. ಇಷ್ಟೊಂದು ಮಸಿನಾ?"

ಇಲ್ಲಿ ವಸ್ತುಸ್ಥಿತಿಯನ್ನು ಹೇಳಬೇಕು. ಆ ಮಸಿ ಎಂಟು ವರ್ಷದ್ದು. ಪೊರೆ ಮುಸುಕಿದ ಕಣ್ಣಿನಲ್ಲಿ, ತಡವಿಕೊಂಡು, ಹಸಿ ಸೌದೆ ಊದಿ ಊದಿ ಅಮ್ಮನೇ ಎಬ್ಬಿಸಿದ ಹೊಗೆಯ ಮಸಿ. ಅವಳು ಆ ಗೋಡೆಯನ್ನು ಕೊನೆಯ ಬಾರಿ ಕಂಡಾಗ ಅದು ಸುಣ್ಣದ ಬಿಳಿಯಾಗಿತ್ತು. ಮತ್ತೆ ಕಂಡಾಗ ಕಪ್ಪಾಗಿತ್ತು. ನಡುವೆ ಒಲೆ ಹೊತ್ತಿಸಿದವನು ನಾನು. ತರ್ಕದಲ್ಲಿ ಒಂದು ಬಿರುಕೂ ಇಲ್ಲ.

ನಾನು ಪ್ರತಿವಾದ ಹೂಡಿದೆ. ಮೂಲೆಯಲ್ಲಿ ಮಸಿಯ ದಪ್ಪ ಉಗುರಿನಷ್ಟಿದೆ, ನಲವತ್ತು ದಿನದಲ್ಲಿ ಅಷ್ಟು ಕೂಡುವುದು ಅಸಾಧ್ಯ ಎಂದೆ. ನಾನು ಹೊಗೆ ಎಬ್ಬಿಸಿಲ್ಲ ಎನ್ನುವುದಕ್ಕೆ ನಿನ್ನ ಕಣ್ಣೇ ಸಾಕ್ಷಿ ಎಂದೆ.

"ಅದೇ ಕಣ್ಣಾಗೇ ನೋಡ್ತಿದ್ದೀನಲ್ಲ," ಎಂದಳು.

ಪಕ್ಕದ ಮನೆಯ ಅಕ್ಕ ಬಾಗಿಲಿಂದ ಇಣುಕಿ, ಆಂಬಳೆ ಕೈಗೆ, ಗಂಡಸಿನ ಕೈಗೆ, ಒಲೆ ಕೊಟ್ಟರೆ ಹೀಗೇ ಅಕ್ಕಾ ಎಂದಳು. ನಾನು ಅಣ್ಣನ ಕಡೆ ನೋಡಿದೆ. ಅವನು ಎಂಟು ವರ್ಷ ಆ ಗೋಡೆಗೆ ಒರಗಿ ಊಟ ಮಾಡಿದವನು. ಬೆನ್ನಿಗೆ ಮಸಿ ಅಂಟಿಸಿಕೊಂಡು ರೈಲು ಹತ್ತಿದವನು. ಸತ್ಯ ಬಲ್ಲ ಏಕೈಕ ಸಾಕ್ಷಿ. ಅವನು ಗಂಭೀರವಾಗಿ ತಲೆಯಾಡಿಸಿದ.

"ನಾನ್ ಎಷ್ಟ್ ಸಲ ಯೋಳ್ದೆ ಕಣಮ್ಮ. ಎಲ್ಲಿ ಕೇಳ್ತಾನೆ?"

ನಾನು ಬಾಯಿ ತೆರೆದೆ. ಎಂಟು ವರ್ಷದ ಹೊಗೆಯ ಲೆಕ್ಕ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅಮ್ಮ ಸೂರಿನತ್ತ ಬೆರಳು ತೋರಿಸುತ್ತ ಅಡುಗೆಮನೆಯ ಸುತ್ತ ತಿರುಗತೊಡಗಿದ್ದಳು. ಅಲ್ನೋಡು, ಜೇಡರ ಬಲೆ. ಅಗಳಪ್ಪ, ಅಲ್ಲೊಂದು. ಆ ಮೂಲೇಲಿ ನೋಡು, ಎಷ್ಟು ಸಣ್ಣದು, ಅದೂ ಕಾಣಿಸ್ತದೆ. ಬೈಯುತ್ತಿದ್ದಳು, ಬೈಯುತ್ತ ಬೈಯುತ್ತ ಅವಳ ಮುಖ ಅರಳುತ್ತಿತ್ತು. ಇಂಥ ಸಂತೋಷದಿಂದ ಯಾರೂ ನನ್ನನ್ನು ಬೈದದ್ದಿಲ್ಲ.

ನಾನು ಬಾಯಿ ಮುಚ್ಚಿದೆ. ತಪ್ಪೊಪ್ಪಿಕೊಂಡೆ. ಅಣ್ಣ ಸುಣ್ಣದ ಬಕೆಟ್ಟನ್ನೂ ಕುಂಚವನ್ನೂ ತಂದು ನನ್ನ ಕೈಗೆ ಕೊಟ್ಟ. ಅಮ್ಮ ಹೊಸ್ತಿಲ ಮೇಲೆ ಕುಳಿತು, ಎಲ್ಲಿ ಬಿಟ್ಟುಹೋಗಿದೆ ಎಂದು ಸಂಜೆಯವರೆಗೆ ತೋರಿಸಿಕೊಟ್ಟಳು. ಒಂದು ಚುಕ್ಕೆಯೂ ಅವಳ ಕಣ್ಣು ತಪ್ಪಲಿಲ್ಲ.

ಈಗ ನಮ್ಮ ಬೀದಿಯಲ್ಲಿ ನಾನು ಅಡುಗೆಮನೆಗೆ ಮಸಿ ಬಳಿದ ಬಿ.ಎಸ್‌ಸಿ. ಎಂದೇ ಪ್ರಸಿದ್ಧ. ಹೆಣ್ಣು ಕೊಡಲು ಬಂದವರೊಬ್ಬರು ಸಹ ಮೊದಲು ಅದನ್ನೇ ವಿಚಾರಿಸಿದರು. ಆದ್ದರಿಂದ ಇದನ್ನು ಓದಿದವರಲ್ಲಿ ಒಂದು ಕೋರಿಕೆ. ಓದಿ ಮಡಚಿಡಬೇಡಿ, ನಾಲ್ಕು ಜನಕ್ಕೆ ಹೇಳಿ. ಬಂಗಾರಪೇಟೆಯ ಕಡೆ ಹೋಗುವವರು ಸಿಕ್ಕರೆ ಖಂಡಿತ ಹೇಳಿ ಕಳಿಸಿ: ಆ ಮಸಿ ನನ್ನದಲ್ಲ.

ಅಮ್ಮನಿಗೆ ಮಾತ್ರ ಹೇಳಬೇಡಿ.